ಮುರಿದದ್ದನ್ನು ಮನೆಗೆ ತರಬಾರದು

“ಈ ಗಾಡಿ ಇನ್ನೂ ಓಡ್ತಾ ಇದೆಯೇನ್ರೀ?” ಎಂದು ಕಂಪನಿ ಅಂಗಡಿಯ ಗುಮಾಸ್ತ ನಕ್ಕ. ಆಂಜಿನಪ್ಪ ಗೋಣಿಚೀಲದಿಂದ ತೆಗೆದು ಗಾಜಿನ ಮೇಜಿನ ಮೇಲಿಟ್ಟ ಮುರುಕು ಆಕ್ಸಲ್ಲನ್ನು ಅವನು ಬೆರಳಿನಿಂದ ಮುಟ್ಟಲೂ ಇಲ್ಲ.

“ಮೊನ್ನೆಗಂಟ ಓಡ್ತಿತ್ತು ಸಾಮಿ. ಅಲ್ಲಾಳಸಂದ್ರದ ಅತ್ರ ನಿಂತೋಯ್ತು. ಇಂಥದ್ದೊಂದು ಕೊಟ್ರೆ ಆಕ್ಕೊಂಡು ಓಗ್ತೀನಿ.”

“ಎಲ್ಲಿಂದ ಕೊಡೋಣ? ಚೀನಾದವರ ಜೊತೆ ಯುದ್ಧ ಆದ್ಮೇಲೆ ವಿಲಾಯ್ತಿ ಸಾಮಾನು ಬರೋದೇ ಕಷ್ಟ. ಮದರಾಸು ಬ್ರಾಂಚಿಗೆ ಬರೆದ್ರೂ ಇದೇ ಉತ್ತರ, ಕೊಯಮತ್ತೂರಿಗೆ ಬರೆದ್ರೂ ಇದೇ ಉತ್ತರ. ಇದನ್ನ ಗುಜರಿಗೆ ಹಾಕಿ ಹೊಸ ಗಾಡಿ ತಗೊಳ್ರೀ.”

ಹೊಸ ಗಾಡಿಯಂತೆ! ಎಲುಬಿಲ್ಲದ ನಾಲಿಗೆ, ಏನು ಬೇಕಾದರೂ ಹೇಳುತ್ತದೆ. ಆಂಜಿನಪ್ಪ ಯಲಹಂಕದಲ್ಲಿ ಬಾಡಿಗೆ ಕಾರು ಓಡಿಸುವವನು. ಇಂಗ್ಲಿಷರು ಹೋಗುವ ಹೊತ್ತಿಗೆ ಜಾಲಹಳ್ಳಿಯ ಮಿಲಿಟರಿಯವರು ಹರಾಜು ಹಾಕಿದ ಉದ್ದ ಮೂಗಿನ ಕರಿ ಕಾರನ್ನು ಹಿಡಿದು ಈವರೆಗೆ ಹೊಟ್ಟೆ ಹೊರೆದವನು. ಹೆರಿಗೆ ನೋವು ಬಂದ ಹೆಂಗಸರು, ಕೋರ್ಟಿಗೆ ಹೋಗುವ ಗೌಡರು, ಮದುವೆಗೆ ಹೊರಟ ಗಂಡುಗಳು ಎಲ್ಲರನ್ನೂ ಹೊತ್ತು ಹೊತ್ತು ಅದರ ಸೀಟು ಕುಳಿ ಬಿದ್ದಿತ್ತು. ಅವನು ಆಕ್ಸಲ್ಲನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಯಶವಂತಪುರದ ಬಸ್ಸು ಹತ್ತಿದ.

ಯಶವಂತಪುರದ ಚನ್ನಕೇಶವನ ಅಂಗಡಿಯಲ್ಲಿ ಫ್ಯಾನೂ ಇರಲಿಲ್ಲ, ಗಾಜೂ ಇರಲಿಲ್ಲ. ಗ್ರೀಸು ಮೆತ್ತಿದ ಹಲಗೆಯೊಂದು ಅಡ್ಡ ಇತ್ತು, ಅದರ ಹಿಂದೆ ಸೂರಿನವರೆಗೆ ಡಬ್ಬಿಗಳು. ಯಲಹಂಕ, ಹೆಬ್ಬಾಳ, ಶೆಟ್ಟಿಹಳ್ಳಿ ಕಡೆಯ ಡ್ರೈವರುಗಳೆಲ್ಲ ಬರುತ್ತಿದ್ದುದು ಇಲ್ಲಿಗೇ. ಮುರಿದ ಸಾಮಾನು ಮಾದರಿಗೆ ಅಂತ ತರಬೇಕು, ಚನ್ನಕೇಶವ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಜೋಡಿ ಹುಡುಕಿ ಕೊಡುತ್ತಿದ್ದ. ಕೊಂಡ ಮೇಲೆ ಡ್ರೈವರು ಹಳೆಯದನ್ನು ಕಣ್ಣಿಗೊತ್ತಿ ಹಲಗೆಯ ಮೇಲೆ ಬಿಟ್ಟು, ಹಿಂತಿರುಗಿ ನೋಡದೆ ಹೋಗಬೇಕು. ಮುರಿದದ್ದನ್ನು ಮನೆಗೆ ಒಯ್ಯಬಾರದು, ಒಯ್ದರೆ ಕೇಡು ಹಿಂದೆಯೇ ಬರುತ್ತದೆ ಅಂತ ಅವರ ನಂಬಿಕೆ. ಯಾರು ಮಾಡಿದ ನೇಮವೋ, ಆಂಜಿನಪ್ಪನಿಗೆ ಸ್ಟಿಯರಿಂಗು ಕಲಿಸಿದ ಗುರು ಚಿಕ್ಕಹನುಮಯ್ಯನೂ ಹಾಗೇ ಮಾಡುತ್ತಿದ್ದ, ಇವನೂ ಹಾಗೇ ಮಾಡಿಕೊಂಡು ಬಂದಿದ್ದ.

“ನಿಮ್ಮ ಮಾಡೆಲ್ಲಿಗೆ ಆಕ್ಸಲ್ ನನ್ನ ಹತ್ರ ಇಲ್ಲ ಆಂಜಿನಪ್ಪನೋರೆ,” ಎಂದ ಚನ್ನಕೇಶವ. “ಗೇಟಿನಾಚೆ ಮುಜಫ್ಫರ್ ಸಾಬರ ಗುಜರೀಲಿ ಕೇಳಿ ನೋಡಿ. ಅಂದಹಾಗೆ, ನಿಮ್ಮ ಭಾವನೋರ ಸಮಾಚಾರ ಕೇಳಿ ಬಹಳ ಬೇಜಾರಾಯ್ತು. ಒಳ್ಳೇ ಮನುಷ್ಯ. ಈ ಕುಡಿತ ಅನ್ನೋದು ಯಾರನ್ನ ಉಳಿಸ್ತದೆ ಹೇಳಿ.”

ಆಂಜಿನಪ್ಪ ಹೂಂ ಅಂದ. ಅವನ ತಂಗಿ ಲಕ್ಕಮ್ಮನ ಗಂಡ ಚಿಕ್ಕಬೈರಪ್ಪ ಶ್ರಾವಣದಲ್ಲಿ ಸತ್ತಿದ್ದ. ಹುಣಸಮಾರನಹಳ್ಳಿಯ ಅವನೂ ಬಾಡಿಗೆ ಕಾರಿನವನೇ, ಅವನದೂ ಅದೇ ಮಾಡೆಲ್ಲು. “ಒಂದೇ ಥರದ ಗಾಡಿ ಇದ್ರೆ ನಿನ್ನ ಸಾಮಾನು ನಂಗೆ, ನನ್ನ ಸಾಮಾನು ನಿಂಗೆ ಆಯ್ತದೆ ಬಾವ,” ಅಂತ ಹಟ ಹಿಡಿದು ಕೊಡಿಸಿದ್ದವನು ಆಂಜಿನಪ್ಪನೇ. ಜನರನ್ನು ಊರಿಗೆ ಬಿಟ್ಟು ಒಬ್ಬನೇ ಬರುವಾಗ ಹೆಬ್ಬಾಳದ ಏರಿಯ ಮೇಲೆ, ನೆಟ್ಟನೆಯ ರಸ್ತೆಯಲ್ಲಿ, ಗಾಡಿ ಸೀದಾ ಕೆರೆಗೆ ಇಳಿದಿತ್ತು. ನೋಡಿದವರು ಯಾರೂ ಇರಲಿಲ್ಲ. ಒಂದು ಕಾಲಕ್ಕೆ ಚಿಕ್ಕಬೈರಪ್ಪ ಚೆನ್ನಾಗಿ ಕುಡಿಯುತ್ತಿದ್ದವನು, ಬಿಟ್ಟಿದ್ದೇನೆ ಅನ್ನುತ್ತಿದ್ದ. ಇನ್ನೇನು ಬೇಕು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಕುಡಿದಿದ್ದ ಅಂದರು, ಮುಗಿಯಿತು.

ಲಕ್ಕಮ್ಮ ಮಾತ್ರ ಒಪ್ಪಲಿಲ್ಲ. “ನನ್ನ ಅಣೆ ಮುಟ್ಟಿ ಆಣೆ ಮಾಡಿದ್ದ ಕಣಣ್ಣ. ಯುಗಾದಿಯಿಂದ ಒಂದು ಅನಿ ಮುಟ್ಟಿರಲಿಲ್ಲ,” ಅಂತ ಹೆಣದ ಮುಂದೆ ಕೂತು ಹೇಳಿದ್ದಳು. ಅತ್ತೆ ಮುನಿವೆಂಕಟಮ್ಮ, “ನಿನ್ನ ಬಾಯಿ ತಾಳಲಾರದೆ ಮತ್ತೆ ಕುಡಿದ ನನ್ನ ಮಗ, ನೀನೇ ತಿಂದೆ ಅವನ್ನ,” ಅಂದಿದ್ದಳು. ಅವತ್ತಿನಿಂದ ಆ ಮನೆಯಲ್ಲಿ ಲಕ್ಕಮ್ಮನಿಗೆ ಅನ್ನಕ್ಕಿಂತ ಈ ಮಾತೇ ಹೆಚ್ಚು. ತಿಥಿಯ ದಿನ ಹಿರಿಯರು, “ನೀನೂ ಡ್ರೈವರ್ರು, ನೀನೇ ಹೇಳಪ್ಪ,” ಅಂದಾಗ ಆಂಜಿನಪ್ಪ ತಲೆ ತಗ್ಗಿಸಿ, “ನೆಟ್ಟಗಿರೋ ರಸ್ತೇಲಿ ಗಾಡಿ ತಾನಾಗೇ ಕೆರೆಗೆ ಓಗಲ್ಲ,” ಅಂದುಬಿಟ್ಟಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆವತ್ತು ತಂಗಿ ಅವನನ್ನು ನೋಡಿದ ನೋಟ ಅವನಿಗೆ ಈಗಲೂ ಊಟದ ಹೊತ್ತಿನಲ್ಲಿ ನೆನಪಿಗೆ ಬಂದು ತುತ್ತು ಇಳಿಯುತ್ತಿರಲಿಲ್ಲ.

ರೈಲ್ವೆ ಗೇಟಿನಾಚೆ ಮುಜಫ್ಫರ್ ಸಾಬರು ಲಾರಿಯ ಹಳೆ ಸೀಟಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ಮುರುಕು ಆಕ್ಸಲ್ಲನ್ನು ನೋಡಿ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದರು.

“ಏಳ್ಬಾರದು ಅಂತಿದ್ದೆ ಆಂಜಿನಪ್ಪ. ಇಂದ್ಗಡೆ ಅದೇ ಮಾಡೆಲ್ ಐತೆ. ಯಾರ್ದು ಅಂತ ನಿಂಗೇ ಗೊತ್ತಲ್ಲ ಭಾಯಿ. ಪೊಲೀಸ್ನೋರು ಬಿಟ್ಮೇಲೆ ಅವರ ಮನೆಯೋರು ಇಲ್ಲಿಗೇ ತಳ್ಳಿಸಿಬಿಟ್ರು. ಒಬ್ಬರೂ ಬಂದು ನೋಡಿಲ್ಲ, ನಾನೂ ಕೈ ಆಕಿಲ್ಲ. ಆಕ್ಸಲ್ ಚೆನ್ನಾಗೈತೆ. ಮನಸ್ಸು ಬಂದ್ರೆ ಬಿಚ್ಕೋ, ಬರದಿದ್ರೆ ಬ್ಯಾಡ.”

ಜೀವ ತೆಗೆದ ಗಾಡಿಯನ್ನು ಊರೊಳಕ್ಕೆ ತರಬಾರದು ಅಂತ ಮುನಿವೆಂಕಟಮ್ಮನೇ ಹಟ ಹಿಡಿದಿದ್ದು ಆಂಜಿನಪ್ಪನಿಗೆ ಗೊತ್ತಿತ್ತು. ಅವನೂ ಹೌದು ಅಂದಿದ್ದ. ಈಗ ಆ ಗಾಡಿ ಔಡಲ ಗಿಡಗಳ ನಡುವೆ ಮೂಗು ಜಜ್ಜಿಕೊಂಡು ನಿಂತಿತ್ತು. ಸೀಟಿನ ಮೇಲೆ ಕೆರೆಯ ಕೆಸರು ಒಣಗಿ ಬಿರಿದಿತ್ತು. ಕನ್ನಡಿಗೆ ಲಕ್ಕಮ್ಮ ಕಟ್ಟಿದ್ದ ಅರಿಶಿನದ ದಾರ ಹಾಗೇ ಇತ್ತು. ಅದನ್ನು ನೋಡಿದ್ದೇ ಆಂಜಿನಪ್ಪನಿಗೆ ದುಃಖ ಒತ್ತರಿಸಿ ಬಂತು. ಹೊಟ್ಟೆಪಾಡು ಬಿಡಬೇಕಲ್ಲ, “ತಪ್ಪಾಯ್ತು ಕಣೋ ಬಾವ,” ಅಂತ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡು, ಸ್ಪ್ಯಾನರು ಹಿಡಿದು ಗಾಡಿಯ ಕೆಳಗೆ ತೂರಿಕೊಂಡ.

ಹಿಂಚಕ್ರದ ಕಡೆಗೆ ತೆವಳುವ ಮುಂಚೆ, ಡ್ರೈವರನ ಕಣ್ಣಲ್ಲವೆ, ಅಭ್ಯಾಸಬಲದಿಂದ ಮುಂದಿನ ಚಕ್ರದ ಒಳಗಡೆ ನೋಡಿದ. ಸ್ಟಿಯರಿಂಗು ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಮೊಳದುದ್ದದ ಕಬ್ಬಿಣ ಒಂದಿರುತ್ತದೆ, ಮೇಸ್ತ್ರಿಗಳು ಆರ್ಮು ಅನ್ನುತ್ತಾರೆ. ಅದು ನಡುವೆ ಮುರಿದು ಜೋತುಬಿದ್ದಿತ್ತು. ಗುದ್ದಿದ ಏಟಿಗೆ ಮುರಿದದ್ದಿರಬೇಕು ಅಂದುಕೊಂಡು ಕೈಯಿಟ್ಟ. ಗುದ್ದಿ ಮುರಿದ ಕಬ್ಬಿಣ ಬಾಗಿರುತ್ತದೆ. ಇದು ಬಾಗಿರಲಿಲ್ಲ, ಒಣಗಿದ ಹಕ್ಕಳೆ ಕಿತ್ತುಬಂದ ಹಾಗೆ ಬೆಸುಗೆಯ ಜಾಗದಲ್ಲೇ ಬಿಟ್ಟುಕೊಂಡಿತ್ತು. ಬೆಸುಗೆಯ ಒಳಗೆ ಹಳೆಯ ತುಕ್ಕು. ಹೊರಗೆ ದಪ್ಪಕ್ಕೆ ಬಳಿದ ಕರಿ ಬಣ್ಣ.

ಈ ಆರ್ಮು ಬಿಟ್ಟುಕೊಂಡರೆ ಸ್ಟಿಯರಿಂಗು ಹಿಡಿದವನು ದೇವರಾದರೂ ಗಾಡಿ ಅವನ ಮಾತು ಕೇಳುವುದಿಲ್ಲ. ಕುಡಿದಿರಲಿ, ಬಿಟ್ಟಿರಲಿ. ಚಿಕ್ಕಬೈರಪ್ಪ ನೆಟ್ಟನೆಯ ರಸ್ತೆಯಲ್ಲಿ ಸ್ಟಿಯರಿಂಗನ್ನು ಸುಮ್ಮನೆ ತಿರುಗಿಸುತ್ತ ತಿರುಗಿಸುತ್ತ ಕೆರೆಗೆ ಹೋಗಿದ್ದ.

“ಕುಡಿದಿರಲಿಲ್ಲ ಕಣೇ ಲಕ್ಕಿ,” ಅಂತ ಅವನು ಗಾಡಿಯ ಕೆಳಗೇ ಅಂದುಕೊಂಡ. ಎಷ್ಟೋ ದಿನದ ಮೇಲೆ ಎದೆ ಹಗುರಾದ ಹಾಗಾಯಿತು. ತಂಗಿಗೆ ತೋರಿಸಲೇಬೇಕು ಅಂತ ಆರ್ಮನ್ನು ಬಿಚ್ಚಿ ಈಚೆಗೆ ತಂದು, ಬಿಸಿಲಿಗೆ ಹಿಡಿದು, ಪಂಚೆಯ ಅಂಚಿನಿಂದ ಒರೆಸಿದ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅದರ ಕೆಳಗೆ ಎರಡು ಗೀಟು, ಪಕ್ಕದಲ್ಲೊಂದು ಚುಕ್ಕೆ.

ಆ ಗುರುತು ಅವನ ಅಪ್ಪನದು. ಕುಡುಗೋಲು, ಗುದ್ದಲಿ, ನೇಗಿಲ ಗುಳ, ಯಾರಾದರೂ ಕೇಳಿ ಒಯ್ದರೆ ವಾಪಸು ಗುರುತು ಸಿಗಲಿ ಅಂತ ಅಪ್ಪ ಪ್ರತಿಯೊಂದಕ್ಕೂ ಉಳಿಯಿಂದ ಹಾಕಿಸುತ್ತಿದ್ದ. ಭೂಮಿ ಹೋಗಿ ಕಾರು ಬಂದ ಮೇಲೆ ಆಂಜಿನಪ್ಪ ಅದನ್ನೇ ಗಾಡಿಯ ಸಾಮಾನಿಗೆ ಹಾಕುತ್ತ ಬಂದ. ರಿಪೇರಿಗೆ ಬಿಟ್ಟಾಗ ಮೇಸ್ತ್ರಿಗಳು ಅದಲುಬದಲು ಮಾಡುತ್ತಾರಲ್ಲ, ಅದಕ್ಕೆ. ಎರಡು ವರ್ಷದ ಹಿಂದೆ ತನ್ನ ಆರ್ಮಿನಲ್ಲಿ ಕೂದಲಿನಂಥ ಬಿರುಕು ಕಂಡು, ಚನ್ನಕೇಶವನ ಹತ್ತಿರ ಬೇರೆಯದನ್ನು ಕೊಂಡು, ಬಿರುಕು ಬಿಟ್ಟದ್ದನ್ನು ಕಣ್ಣಿಗೊತ್ತಿ ಆ ಹಲಗೆಯ ಮೇಲೆ ಬಿಟ್ಟು ಬಂದಿದ್ದ. ಆಮೇಲೆ ಚಿಕ್ಕಬೈರಪ್ಪನ ಆರ್ಮು ಸವೆದಾಗ, “ಕಂಪನಿಯೋರ ಮನೆ ಬಾಗಿಲಿಗೆ ಓಗ್ಬೇಡ, ಚನ್ನಕೇಶವನ ತಾವ ಓಗಿ ನನ್ನೆಸ್ರು ಏಳು,” ಅಂತ ಕಳಿಸಿದ್ದೂ ತಾನೇ. “ಒಸದೇ ಸಿಕ್ತು ಬಾವ, ಡಬ್ಬಿ ಸಮೇತ,” ಅಂತ ಅವನು ಹಲ್ಲು ಬಿಟ್ಟಿದ್ದು ಈಗ ಕಣ್ಣಿಗೆ ಕಟ್ಟಿತು. ಆಂಜಿನಪ್ಪ ಔಡಲ ಗಿಡದ ಬುಡದಲ್ಲಿ ಕೂತುಬಿಟ್ಟ.

ಮುಜಫ್ಫರ್ ಸಾಬರು ಬಂದು ನೋಡಿ, “ಯಾ ಅಲ್ಲಾ,” ಅಂದರು. ಆಕ್ಸಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ.

ಅವನು ಚನ್ನಕೇಶವನ ಅಂಗಡಿಗೆ ವಾಪಸು ಹೋದಾಗ ಒಬ್ಬ ಲಾರಿ ಡ್ರೈವರು ವ್ಯಾಪಾರ ಮುಗಿಸುತ್ತಿದ್ದ. ಆಂಜಿನಪ್ಪ ಮುರುಕು ಆರ್ಮನ್ನು ಹಲಗೆಯ ಮೇಲೆ ಇಟ್ಟು ಗುರುತಿನ ಮೇಲೆ ಬೆರಳಿಟ್ಟ. ಚನ್ನಕೇಶವನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು.

“ಬೆಸುಗೆ ಮಾಡಿಸಿ ಒಸದು ಅಂತ ಕೊಟ್ಯಾ ಚನ್ನಕೇಶವ? ಬಿರುಕು ಬಿಟ್ಟಿದ್ದನ್ನ? ನಮ್ಮ ಬಾವಂಗೆ?”

“ಮೆಲ್ಲಗೆ ಮಾತಾಡಿ,” ಎಂದ ಅವನು. “ಬಿರುಕಿದೆ ಅಂತ ನೀವು ನನಗೆ ಹೇಳಿದ್ರಾ? ಯಾವತ್ತಾದ್ರೂ ಯಾರಾದ್ರೂ ಹೇಳಿದೀರಾ? ಕಣ್ಣಿಗೊತ್ತಿ ಇಟ್ಟು, ಹಿಂದೆ ನೋಡದೆ ಹೋಗ್ತೀರ. ನಾನೇನು ಅದನ್ನ ಉಪ್ಪಿನಕಾಯಿ ಹಾಕ್ಲಾ? ನಿಮ್ಮ ಭಾವನೋರು ಬಂದು, ಆಂಜಿನಪ್ಪನೋರು ಕಳಿಸಿದ್ದು, ಇಲ್ಲ ಅನ್ಬೇಡಿ ಅಂದ್ರು. ಇಡೀ ಬೆಂಗಳೂರಲ್ಲಿ ಆ ಸಾಮಾನು ಇರಲಿಲ್ಲ. ನಿಮ್ಮ ಮುಖ ನೋಡಿ ಮಾಡಿಸಿಕೊಟ್ಟೆ ಕಣ್ರೀ.”

ಥೂ ನಿನ್ನ, ಅನ್ನಬೇಕು ಅಂತ ಆಂಜಿನಪ್ಪನಿಗೆ ನಾಲಿಗೆಯ ತುದಿಗೆ ಬಂತು. ಪಕ್ಕದಲ್ಲಿ ಲಾರಿ ಡ್ರೈವರು ತನ್ನ ಹಳೆ ಸಾಮಾನನ್ನು ಕಣ್ಣಿಗೊತ್ತಿ ಹಲಗೆಯ ಮೇಲೆ ಇಡುತ್ತಿದ್ದ.

“ಅದನ್ನ ತಗೊಂಡೋಗಪ್ಪ,” ಎಂದ ಆಂಜಿನಪ್ಪ. “ಮನೆಗೆ ತಗೊಂಡೋಗು. ಇಲ್ಲಾ ಬಾವಿಗೆ ಆಕು. ಇಲ್ಲಿ ಬಿಡಬ್ಯಾಡ.”

“ಒಳ್ಳೇ ಮಾತೇಳ್ದೆ ನೋಡು ಯಜಮಾನ! ಮುರಿದದ್ದನ್ನ ಮನೆಗೆ ಒಯ್ತಾರಾ? ಎಂಡ್ತಿ ಮಕ್ಕಳು ನೆಟ್ಟಗಿರೋದು ಬ್ಯಾಡವಾ?” ಅವನು ಹಿಂತಿರುಗಿ ನೋಡದೆ ಹೊರಟುಹೋದ. ಚನ್ನಕೇಶವ ಆ ಸಾಮಾನನ್ನು ಮೆಲ್ಲಗೆ ಹಲಗೆಯಿಂದ ಕೆಳಕ್ಕೆ ಇಳಿಸಿದ.

ಬಸ್ಸು ಹೆಬ್ಬಾಳದ ಏರಿ ದಾಟುವಾಗ ಆಂಜಿನಪ್ಪ ಕೆರೆಯ ಕಡೆ ನೋಡಲಿಲ್ಲ. ತೊಡೆಯ ಮೇಲೆ ಗೋಣಿಚೀಲ ಭಾರವಾಗಿತ್ತು. ತಂಗಿಗೆ ಇದನ್ನು ತೋರಿಸಿದರೆ ಅವಳ ಗಂಡನ ಹೆಸರು ತೊಳೆದ ಹಾಗೆ ಆಗುತ್ತದೆ. ಅತ್ತೆಯ ಬಾಯಿ ಮುಚ್ಚುತ್ತದೆ. ಆದರೆ ಲಕ್ಕಮ್ಮ ಆ ಗುರುತಿನ ಕುಡುಗೋಲು ಹಿಡಿದೇ ರಾಗಿ ಕೊಯ್ದು ಬೆಳೆದವಳು. ಕತ್ತಲಲ್ಲಿ ಸವರಿದರೂ ಅವಳಿಗೆ ತಿಳಿಯುತ್ತದೆ.

ಅಲ್ಲಾಳಸಂದ್ರದಲ್ಲಿ ಇಳಿದುಬಿಟ್ಟ. ಹೊಂಗೆ ಮರದ ಕೆಳಗೆ ಅವನ ಕಾರು ಕಲ್ಲುಗಳ ಮೇಲೆ ನಿಂತಿತ್ತು, ಮೈಮೇಲೆಲ್ಲ ಹೊಂಗೆಯ ಎಲೆ. ಮುರುಕು ಆಕ್ಸಲ್ಲನ್ನು ಡಿಕ್ಕಿಯಲ್ಲಿಟ್ಟು, ಅಲ್ಲಿಂದ ಅರ ತೆಗೆದು, ಆರ್ಮನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಉಜ್ಜತೊಡಗಿದ. ಗಂಡ ಕುಡಿದಿರಲಿಲ್ಲ ಅಂತ ಗೊತ್ತಾದರೆ ಸಾಕಲ್ಲ ಅವಳಿಗೆ? ಉಳಿದದ್ದು ಯಾರಿಗೆ ಬೇಕು? ನನಗಾದರೂ ಇರುವವಳು ಇನ್ಯಾರು, ಅಪ್ಪ ಅಮ್ಮ ಹೋದ ಮೇಲೆ ಅವಳೊಬ್ಬಳೇ ಅಲ್ಲವೆ? ಹೀಗೆ ತನಗೆ ತಾನೇ ಹೇಳಿಕೊಳ್ಳುತ್ತ ಒಂದು ಗೀಟನ್ನು ಪೂರ್ತಿ ತೆಗೆದ. ಅಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯಿತು. ಎರಡನೆಯದಕ್ಕೆ ಅರ ಇಟ್ಟಾಗ ಅಪ್ಪ ಕುಲುಮೆಯ ಮುಂದೆ ಕೂತು, “ಸರಿಯಾಗಿ ಆಕೋ, ನಮ್ಮದು ಅಂತ ತಿಳೀಬೇಕು,” ಅಂತ ಕಮ್ಮಾರನಿಗೆ ಹೇಳುತ್ತಿದ್ದದ್ದು ನೆನಪಾಗಿ ಕೈ ಮುಂದೆ ಹೋಗಲಿಲ್ಲ. ಅರವನ್ನು ಎಸೆದು, ಅಷ್ಟಕ್ಕೇ ಚೀಲ ಕಟ್ಟಿದ.

ಹುಣಸಮಾರನಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ಲಕ್ಕಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಿಥಿಯಾದ ಮೇಲೆ ಅಣ್ಣ ಬಂದದ್ದು ಇದೇ ಮೊದಲು. “ದಾರಿ ತಪ್ಪಿ ಬಂದ್ಯೇನಣ್ಣ?” ಅಂತ ಚುಚ್ಚಿದಳು. ಆದರೂ ಎದ್ದು ಒಳಗೆ ಹೋಗಿ, ಚೊಂಬಿನಲ್ಲಿ ನೀರೂ ಒಂದು ಚೂರು ಬೆಲ್ಲವೂ ತಂದು ಅವನ ಪಕ್ಕದಲ್ಲಿಟ್ಟಳು. ಮುನಿವೆಂಕಟಮ್ಮ ಬಾಗಿಲ ಒಳಗಡೆ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಮಂದವಾಗಿದ್ದರೂ ಕಿವಿ ಚುರುಕು.

ಆಂಜಿನಪ್ಪ ನೀರು ಮುಟ್ಟಲಿಲ್ಲ. ಚೀಲ ಬಿಚ್ಚಿ ಮುರುಕು ಕಬ್ಬಿಣವನ್ನು ಜಗುಲಿಯ ಮೇಲೆ ಇಟ್ಟ. ಸದ್ದಿಗೆ ಮುದುಕಿ, “ಏನಪ್ಪಾ ಅದು?” ಅಂದಳು.

“ಬಾವನ ಗಾಡೀದು ಅತ್ತೆ. ಸ್ಟೇರಿಂಗಿಂದು. ಮುರಿದೈತೆ.”

“ಅಯ್ಯೋ ನಿನ್ನ ಬುದ್ಧಿಗಿಷ್ಟು! ಮುರಿದದ್ದನ್ನ ಮನೆಗೆ ತರ್ತಾರೇನೋ? ಅದೂ ಆ ಗಾಡೀದು! ಎತ್ತಿ ಆಚೆಗೆ ಬಿಸಾಕು!”

“ಬಿಸಾಕಲ್ಲ ಅತ್ತೆ. ಕೇಳ್ರಿ ಇಲ್ಲಿ. ಇದು ದಾರೀಲಿ ತಾನಾಗಿ ಬಿಟ್ಕೊಂಡೈತೆ. ಇದು ಬಿಟ್ಕೊಂಡ್ರೆ ಯಾರ ಕೈಲೂ ಗಾಡಿ ನಿಲ್ಲಲ್ಲ. ನಾನು ಅವತ್ತು ತಿಥೀಲಿ ಆಡಿದ್ದು ತಪ್ಪು ಮಾತು. ಬಾವ ಕುಡಿದಿರಲಿಲ್ಲ.”

ಲಕ್ಕಮ್ಮನ ಕೈಯಿಂದ ಅವರೆಕಾಯಿ ಜಾರಿತು. “ಇನ್ನೊಂದ್ಸಲ ಏಳಣ್ಣ,” ಅಂದಳು.

“ಕುಡಿದಿರಲಿಲ್ಲ ಕಣವ್ವ.”

“ಅತ್ತೇ, ಕೇಳಿಸ್ತಾ? ಕೇಳಿಸ್ತಾ ಅತ್ತೆ? ಕುಡಿದಿರಲಿಲ್ಲವಂತೆ! ನನ್ನ ಆಣೆ ಮುರಿದಿರಲಿಲ್ಲ ಕಣತ್ತೆ ನಿಮ್ಮ ಮಗ!” ಲಕ್ಕಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯುವಂತಿರಲಿಲ್ಲ. ಆ ಕಬ್ಬಿಣವನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿ ಮಡಿಲಿಗೆ ಹಾಕಿಕೊಂಡಳು. ಒಳಗೆ ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು, “ನನ್ನಪ್ಪನೇ, ನನ್ನ ಕಂದಾ,” ಅಂತ ಅಳತೊಡಗಿದಳು. ಆಂಜಿನಪ್ಪನಿಗೆ ಇಷ್ಟಕ್ಕೇ ಎದ್ದು ಹೋಗಿಬಿಡಬೇಕು ಅನ್ನಿಸಿತು. ಚೀಲಕ್ಕೆ ಕೈ ಹಾಕಿದ.

ಲಕ್ಕಮ್ಮ ಕಬ್ಬಿಣವನ್ನು ಸವರುತ್ತಿದ್ದಳು. ಹೆಬ್ಬೆರಳು ಒಂದು ಕಡೆ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಒಂದು ಗೀಟು, ಒಂದು ಚುಕ್ಕೆ, ನಡುವೆ ಹೊಸದಾಗಿ ಉಜ್ಜಿದ ಬಿಳಿ ಜಾಗ. ಅವಳು ಅದನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ಆಮೇಲೆ ಅಣ್ಣನ ಕೈ ನೋಡಿದಳು. ಅವನ ಉಗುರಿನ ಸಂದಿಯಲ್ಲೂ ಪಂಚೆಯ ಮೊಣಕಾಲಿನ ಮೇಲೂ ಅರದ ಪುಡಿ ಇನ್ನೂ ಹೊಳೆಯುತ್ತಿತ್ತು.

“ಲಕ್ಕವ್ವ,” ಅಂದ ಅವನು.

ಒಳಗಿನಿಂದ ಮುದುಕಿ ಮೂಗು ಒರೆಸಿಕೊಳ್ಳುತ್ತ ಕೇಳಿದಳು. “ಒಸದು ತಂದೆ ಅಂತ ನನ್ನ ಮಗ ಕುಣೀತಿದ್ದನಲ್ಲೇ. ಒಸದು ಎಂಗೆ ಮುರೀತು? ಯಾವ ಮುಂಡೇಮಗನ ಗಾಡೀದು ತಂದು ಆಕಿದ್ರು ಅಂತ ಏನಾರ ತಿಳೀತಾ?”

ಲಕ್ಕಮ್ಮ ಸೆರಗಿನ ತುದಿಯನ್ನು ಎಳೆದು ಆ ಗುರುತಿನ ಮೇಲೆ ಹೊದಿಸಿದಳು.

“ಯಾರ್ದೋ ಏನೋ ಅತ್ತೆ,” ಅಂದಳು. “ಎಂಗೆ ತಿಳೀಬೇಕು.”

ಅವಳು ಕಬ್ಬಿಣವನ್ನು ಕಂಕುಳಿಗೆ ಇಟ್ಟುಕೊಂಡು ಎದ್ದಳು. ಇನ್ನೊಂದು ಕೈಯಿಂದ, ಅಣ್ಣ ಮುಟ್ಟದೆ ಬಿಟ್ಟಿದ್ದ ಚೊಂಬನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದು, ನೀರನ್ನು ನುಗ್ಗೆ ಗಿಡದ ಬುಡಕ್ಕೆ ಸುರಿದಳು. ಬೆಲ್ಲದ ಚೂರನ್ನು ಕೋಳಿಗಳಿಗೆ ಎಸೆದಳು. ಚೊಂಬನ್ನು ತಂದು ಜಗುಲಿಯ ಮೇಲೆ ಬೋರಲು ಹಾಕಿ ಒಳಗೆ ಹೋದಳು. ಆಂಜಿನಪ್ಪ ಖಾಲಿ ಚೀಲವನ್ನು ಮಡಿಸುತ್ತ ಅಲ್ಲೇ ಕೂತಿದ್ದ. ನುಗ್ಗೆ ಗಿಡದ ಬುಡದಲ್ಲಿ ನೀರು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಇಂಗಿತು.